ಹಾಸ್ಯಗಾರನ ವೇಷ ಕಳಚಿದ ಮೇಲೆ

2025ರ ಮೇ 6ರ ಸಂಜೆ ನಾನೊಂದು ತಮಾಷೆ ಮಾಡಿದೆ. ಮರುದಿನ ದೇಶದ 244 ನಾಗರಿಕ ರಕ್ಷಣಾ ಜಿಲ್ಲೆಗಳಲ್ಲಿ ಅಣಕು ಕಾರ್ಯಾಚರಣೆ, ಸೈರನ್ ಮೊಳಗುತ್ತದೆ, ಕೆಲವೆಡೆ ದೀಪ ಆರಿಸಬೇಕು ಅಂತ ಟಿವಿಯಲ್ಲಿ ಒಂದೇ ಸಮನೆ ಬರುತ್ತಿತ್ತು. ಶಿವಮೊಗ್ಗದ ಮನೆಯಲ್ಲಿ ಕೂತು ಕುಟುಂಬದ ವಾಟ್ಸಾಪ್ ಗುಂಪಿಗೆ ಬರೆದೆ: "ಮೇ 7ರ ರಾತ್ರಿ ಏಳೂವರೆಯಿಂದ ಎಂಟರವರೆಗೆ ಶಿವಮೊಗ್ಗ ಜಿಲ್ಲೆಯಲ್ಲಿ ಸಂಪೂರ್ಣ ಕತ್ತಲು. ಫ್ರಿಜ್, ಟಿವಿ, ಮಿಕ್ಸಿ ಎಲ್ಲ ಬಂದ್ ಮಾಡತಕ್ಕದ್ದು. ಮಲೆನಾಡಿನವರು ಹೊಸದಾಗಿ ಏನೂ ಮಾಡಬೇಕಿಲ್ಲ, ಕರೆಂಟಿನವರೇ ವರ್ಷವಿಡೀ ಅಭ್ಯಾಸ ಮಾಡಿಸುತ್ತಿದ್ದಾರೆ."

ಹಲ್ಲುಕಿರಿಯುವ ಹಳದಿ ಮುಖಗಳು ಹತ್ತೆಂಟು ಬಂದವು. ಮುಗಿಯಿತು ಅಂದುಕೊಂಡೆ. ಮರುದಿನ ಮಧ್ಯಾಹ್ನ ಅಡಿಕೆ ಧಾರಣೆಯ ಗುಂಪಿನಲ್ಲಿ ಅದೇ ಸಂದೇಶ ಎದುರಾಯಿತು. ಕೊನೆಯ ಸಾಲು ಹೋಗಿತ್ತು. ನೆತ್ತಿಯ ಮೇಲೆ "ಜಿಲ್ಲಾಡಳಿತದ ತುರ್ತು ಸೂಚನೆ" ಎಂಬ ದಪ್ಪಕ್ಷರ, ಬುಡದಲ್ಲಿ "ನಿಮ್ಮವರಿಗೆಲ್ಲ ಕಳಿಸಿ". ಸಂಜೆ ಸಾಗರದ ಕಡೆಯ ಹಳ್ಳಿಯಿಂದ ಚಿಕ್ಕಮ್ಮನ ಫೋನು. ಗುಡ್ ಮಾರ್ನಿಂಗ್ ಹೂವುಗಳ ಕಾಟ ತಾಳಲಾರದೆ ಅವರು ನಮ್ಮ ಗುಂಪು ಬಿಟ್ಟು ವರ್ಷವಾಗಿದೆ.

"ಅಪ್ಪಿ, ಫ್ರಿಜ್ಜೂ ಬಂದ್ ಮಾಡ್ಬೇಕಂತಲ್ಲೋ. ಒಳಗೆ ನಾಳೆ ಪೂಜೆಗೆ ಇಟ್ಟ ಹಾಲಿದೆ. ಎಂತ ಮಾಡ್ಲಿ?"

"ಚಿಕ್ಕಮ್ಮಾ, ಅದು ನಾನೇ ಬರ್ದಿದ್ದು. ತಮಾಷೆಗೆ."

"ನೀನೆಂತಕ್ಕೆ ಬರೀತೀಯ? ಡಿಸಿ ಆಫೀಸಿಂದ ಬಂದಿದ್ದು ಅಂತ ಇದ್ಯಲ್ಲ."

ನಾನೇ ಬರೆದದ್ದನ್ನು ನಾನೇ ಸುಳ್ಳು ಅಂದರೂ ಅವರು ನಂಬಲಿಲ್ಲ. ಮುದ್ರೆ ಬಿದ್ದ ಸುಳ್ಳಿನ ಮುಂದೆ ಬಾಯಿಮಾತಿನ ಸತ್ಯ ಸೋತಿತು. ಆ ರಾತ್ರಿ ಅರ್ಧ ಗಂಟೆ ಅವರ ಮನೆ ಕತ್ತಲಲ್ಲಿ ಕೂತಿತ್ತು. ಹಾಲು ಕೆಡಲಿಲ್ಲ ಎಂಬುದಷ್ಟೇ ನನ್ನ ಪುಣ್ಯ.

ವಿಷಯ ಹಾಲಿನದಲ್ಲ. ನಾನು ಬರೆದದ್ದಕ್ಕೂ ಅದು ತಿರುಗಿ ಬಂದದ್ದಕ್ಕೂ ನಡುವೆ ಒಂದು ರಾತ್ರಿ ಕಳೆದಿತ್ತು. ಮೇ 7ರ ಬೆಳಗಿನ ಜಾವ ಆಪರೇಷನ್ ಸಿಂಧೂರ ನಡೆದುಹೋಗಿತ್ತು. ಅಣಕು ಅಭ್ಯಾಸದ ಹೊತ್ತಿಗೆ ಬರೆದ ಮಾತನ್ನು ಜನ ನಿಜವಾದ ದಾಳಿಯ ಹೊತ್ತಿಗೆ ಓದಿದರು. ಅಷ್ಟರ ಮೇಲೆ, ಏಪ್ರಿಲ್ 22ರಂದು ಪಹಲ್ಗಾಮ್‌ನಲ್ಲಿ ಸತ್ತ 26 ಮಂದಿಯಲ್ಲಿ ಒಬ್ಬರು ನಮ್ಮ ಶಿವಮೊಗ್ಗದವರು. ಊರು ಇನ್ನೂ ಸೂತಕದಲ್ಲಿತ್ತು. ಅಂಥ ಊರಿನಲ್ಲಿ ಭಯ ಎಷ್ಟು ತೆಳ್ಳಗಿನ ಚರ್ಮದ ಕೆಳಗಿದೆ ಎಂದು ಲೆಕ್ಕ ಹಾಕದೆ ನಾನು ಕೀಟಲೆ ಮಾಡಿದ್ದೆ. ಅಂದಹಾಗೆ ಆ 244ರ ಪಟ್ಟಿಯಲ್ಲಿ ಕರ್ನಾಟಕದಿಂದ ಇದ್ದದ್ದು ಬೆಂಗಳೂರು, ಕಾರವಾರ, ರಾಯಚೂರು. ಒಂದು ರಾಜಧಾನಿ, ಒಂದು ನೌಕಾನೆಲೆಯ ಊರು, ಒಂದು ದೊಡ್ಡ ಶಾಖೋತ್ಪನ್ನ ವಿದ್ಯುತ್ ಸ್ಥಾವರದ ಜಿಲ್ಲೆ. ಶಿವಮೊಗ್ಗ ಪಟ್ಟಿಯಲ್ಲೇ ಇರಲಿಲ್ಲ. ಆ ಒಂದು ಸಂಗತಿಯನ್ನು ಎರಡು ನಿಮಿಷದಲ್ಲಿ ನೋಡಿಕೊಳ್ಳಬಹುದಿತ್ತು. ನನ್ನ ಸಂದೇಶ ಫಾರ್ವರ್ಡ್ ಮಾಡಿದವರು ಯಾರೂ ನೋಡಿದ ಹಾಗಿಲ್ಲ.

ನಮ್ಮ ಕಡೆಯ ಯಕ್ಷಗಾನದಲ್ಲಿ ದೂತನ ಪಾತ್ರ ಸಾಮಾನ್ಯವಾಗಿ ಹಾಸ್ಯಗಾರನದ್ದು. ರಾಜನಿಗೆ ಸುದ್ದಿ ತರುವವನೂ ಅವನೇ, ರಾಜನನ್ನು ಕಾಲೆಳೆಯುವವನೂ ಅವನೇ. ಬೆಳಗಿನ ಜಾವದ ನಿದ್ದೆಗಣ್ಣಿನಲ್ಲೂ ಪ್ರೇಕ್ಷಕನಿಗೆ ಗೊಂದಲವಾಗುವುದಿಲ್ಲ. ಟೊಪ್ಪಿ, ನಡಿಗೆ, ಚಂಡೆಯ ಪೆಟ್ಟು ಎಲ್ಲ ಸೇರಿ ಇವ ಹಾಸ್ಯಗಾರ ಎಂದು ಮೊದಲೇ ಹೇಳಿಬಿಟ್ಟಿರುತ್ತವೆ. ಅವನು ಊರಿನ ರಸ್ತೆಯ ಗುಂಡಿಯ ಬಗ್ಗೆ ಮಾತಾಡಿದರೆ ಅದು ಚುಚ್ಚು ಎಂದು ಗೊತ್ತು, ಶತ್ರುಸೈನ್ಯ ಬಂತು ಅಂದರೆ ಅದು ಪ್ರಸಂಗದ ಕಥೆ ಎಂದು ಗೊತ್ತು. ವೇಷವೇ ಪರವಾನಗಿ.

ಮೊಬೈಲಿನಲ್ಲಿ ಈ ವೇಷ ಮೂರನೆಯ ಕೈಗೆ ಬರುವಷ್ಟರಲ್ಲಿ ಕಳಚಿರುತ್ತದೆ. ನಮ್ಮ ಗುಂಪಿನವರಿಗೆ ನಾನು ಎಂಥ ಮನುಷ್ಯ ಎಂದು ಗೊತ್ತಿತ್ತು, ಅದೇ ನನ್ನ ವೇಷ. ಅಡಿಕೆ ಗುಂಪಿಗೆ ಹೋದದ್ದು ವೇಷವಿಲ್ಲದ ಮಾತು ಮಾತ್ರ. ಯಾರೋ ಒಬ್ಬರು ಕೊನೆಯ ಸಾಲು ತೆಗೆದರಲ್ಲ, ಅವರೂ ಕೇಡಿಗರಲ್ಲ. "ಇಂಥ ಗಂಭೀರ ವಿಷಯದಲ್ಲಿ ಇದೊಂದು ಕೆಟ್ಟ ಸಾಲು" ಎಂದು ಒಳ್ಳೆಯ ಮನಸ್ಸಿನಿಂದಲೇ ಅಳಿಸಿರುತ್ತಾರೆ. ಸುಳ್ಳು ಸುದ್ದಿ ಎಂದರೆ ಎಲ್ಲೋ ಕತ್ತಲ ಕೋಣೆಯಲ್ಲಿ ಕೂತವರು ತಯಾರಿಸುವ ಸರಕು ಎಂದು ನಾವು ಭಾವಿಸುತ್ತೇವೆ. ಅದರಲ್ಲಿ ಒಂದು ಪಾಲು ಹೀಗೆ ಸಜ್ಜನರು ತಿದ್ದಿದ ಜೋಕು.

ಇದರ ಬೆಲೆ ಎಲ್ಲಿಯವರೆಗೆ ಹೋಗುತ್ತದೆ ಎಂಬುದಕ್ಕೆ ಕರ್ನಾಟಕ ದೂರ ನೋಡಬೇಕಿಲ್ಲ. 2012ರ ಆಗಸ್ಟ್‌ನಲ್ಲಿ ಎಸ್ಸೆಮ್ಮೆಸ್ ವದಂತಿಗೆ ಹೆದರಿ ಈಶಾನ್ಯ ರಾಜ್ಯಗಳ ಸಾವಿರಾರು ಜನ ಬೆಂಗಳೂರಿನಿಂದ ರೈಲು ಹತ್ತಿದರು. ಒಬ್ಬರು ದಿನಕ್ಕೆ ಐದಕ್ಕಿಂತ ಹೆಚ್ಚು ಎಸ್ಸೆಮ್ಮೆಸ್ ಕಳಿಸದಂತೆ ಕೇಂದ್ರ ಸರ್ಕಾರ ಕೆಲವು ದಿನ ಮಿತಿ ಹಾಕಬೇಕಾಯಿತು. 2018ರಲ್ಲಿ ಮಕ್ಕಳ ಕಳ್ಳರ ವದಂತಿ ಬೀದರ್ ಜಿಲ್ಲೆಯ ಮುರ್ಕಿಯಲ್ಲಿ ಹೈದರಾಬಾದಿನ ಯುವ ಎಂಜಿನಿಯರನ ಜೀವ ತೆಗೆಯಿತು. ಆ ವರ್ಷ ದೇಶವೆಲ್ಲ ಸುತ್ತಿದ ಒಂದು ಅಪಹರಣದ ವಿಡಿಯೊ ನಿಜಕ್ಕೂ ಕರಾಚಿಯಲ್ಲಿ ಮಕ್ಕಳ ಸುರಕ್ಷತೆಯ ಅರಿವಿಗಾಗಿ ಮಾಡಿದ್ದು. ಮಗುವನ್ನು ವಾಪಸ್ ಬಿಟ್ಟು ಫಲಕ ತೋರಿಸುವ ಕೊನೆಯ ತುಂಡನ್ನು ಯಾರೋ ಕತ್ತರಿಸಿದ್ದರು. ಮತ್ತೆ ಅದೇ, ಕೊನೆಯ ಸಾಲು. ಆ ಜುಲೈನಲ್ಲೇ ವಾಟ್ಸಾಪ್ ಭಾರತದಲ್ಲಿ ಒಂದು ಸಂದೇಶವನ್ನು ಒಮ್ಮೆಗೆ ಐದು ಕಡೆಗೆ ಮಾತ್ರ ಕಳಿಸಬಹುದೆಂಬ ಮಿತಿ ತಂದಿತು. 2020ರಲ್ಲಿ, ಬಹಳ ಕೈ ದಾಟಿದ ಸಂದೇಶವನ್ನು ಒಮ್ಮೆಗೆ ಒಂದೇ ಕಡೆಗೆ ಎಂದು ಬಿಗಿ ಮಾಡಿತು. ಆದರೆ ಸ್ಕ್ರೀನ್‌ಶಾಟ್ ತೆಗೆದು ಕಳಿಸಿದರೆ, ಬಹಳ ಕೈ ದಾಟಿದ್ದಕ್ಕೆ ಬೀಳುವ ಎರಡು ಬಾಣದ ಗುರುತು ಮಾಯ, ಎಣಿಕೆ ಮತ್ತೆ ಒಂದರಿಂದ ಶುರು. ಇದು ನಮ್ಮೂರಿನ ಹೈಸ್ಕೂಲ್ ಹುಡುಗರಿಗೂ ಗೊತ್ತು.

ಹಾಗಂತ ನಗುವೇ ತಪ್ಪೆ? 2021ರ ಜನವರಿ 21ರ ರಾತ್ರಿ ನೆನಪಿಸಿಕೊಳ್ಳಿ. ಹತ್ತು ಗಂಟೆ ದಾಟಿತ್ತು. ಕಿಟಕಿಯ ಗಾಜು ನಡುಗಿತು, ಅಡುಗೆಮನೆಯ ಪಾತ್ರೆ ಸದ್ದು ಮಾಡಿದವು, ಇಡೀ ಬೀದಿ ಹೊರಗೆ ಬಂತು. ಎಲ್ಲರ ಬಾಯಲ್ಲೂ ಒಂದೇ ಮಾತು, ಭೂಕಂಪ. ಚಿಕ್ಕಮಗಳೂರು, ದಾವಣಗೆರೆ ಕಡೆಗೂ ಅದುರಿದ ಸುದ್ದಿ ಬಂತು. ನಿಜ ಏನೆಂದರೆ ಊರಿಗೆ ಹತ್ತಿರದ ಹುಣಸೋಡಿನ ಕಲ್ಲುಕ್ವಾರಿಯ ಬಳಿ ವಾಹನದಲ್ಲಿದ್ದ ಜಿಲೆಟಿನ್ ಸ್ಫೋಟಿಸಿ ಕಾರ್ಮಿಕರು ಸತ್ತಿದ್ದರು. ಆ ಮೊದಲ ಹತ್ತು ನಿಮಿಷದಲ್ಲಿ ನಮ್ಮ ಬೀದಿಯ ಗುಂಪಿನಲ್ಲಿ ಬಂದ ಮೊದಲ ಸಂದೇಶ: "ಯಾರ ಮನೆ ಕುಕ್ಕರಪ್ಪಾ ಅದು?" ನಕ್ಕೆವು. ಕೈ ನಡುಗುತ್ತಿದ್ದವರು ನಕ್ಕು ಸುಧಾರಿಸಿಕೊಂಡರು. ಆ ಜೋಕು ಆ ಹೊತ್ತಿಗೆ ಔಷಧಿಯ ಕೆಲಸ ಮಾಡಿತು ಎಂದು ಈಗಲೂ ಹೇಳುತ್ತೇನೆ.

ಆದರೆ ಅದಾದ ಮೇಲಿನ ಅರ್ಧ ಗಂಟೆ? "ನಿಮ್ಮಲ್ಲೂ ಆಯ್ತಾ?" ಎಂಬುದೇ ನೂರು ಸಲ. ಅದುರಿದ್ದು ಮೊದಲೋ ಸದ್ದು ಕೇಳಿದ್ದು ಮೊದಲೋ, ಯಾವ ದಿಕ್ಕಿನಿಂದ, ಬೆಳಕು ಕಂಡಿತೆ, ಇದನ್ನು ಬರೆದವರು ಒಬ್ಬರೂ ಇಲ್ಲ. ಭೂಕಂಪವೋ ಸ್ಫೋಟವೋ ಎಂದು ಅಂದಾಜು ಮಾಡಲು ಬೇಕಿದ್ದದ್ದು ಅಷ್ಟೇ. ನಾವೆಲ್ಲ ಭೂಕಂಪ ಎಂದು ಹೊರಗೆ ಓಡಿ ಬಂದು ನಿಂತದ್ದು ಎಲ್ಲಿ ಗೊತ್ತೆ? ಕರೆಂಟ್ ತಂತಿಯ ಕೆಳಗೆ, ಮೂರಂತಸ್ತಿನ ಕಟ್ಟಡದ ಬುಡದಲ್ಲಿ. ನಿಜ ಗೊತ್ತಾದ ಮೇಲೆ ಒಂದಿಷ್ಟು ಹುಡುಗರು ಬೈಕ್ ಏರಿ ಹುಣಸೋಡಿಗೆ ಹೊರಟರು, ನೋಡಿ ಬರಲು. ಸಿಡಿಯದೆ ಉಳಿದದ್ದು ಇನ್ನೂ ಇರಬಹುದೆಂದು ಪೊಲೀಸರು ದೂರದಲ್ಲೇ ತಡೆದದ್ದು ಅವರ ಅದೃಷ್ಟ.

2023ರ ನವೆಂಬರ್‌ನಲ್ಲಿ ರೈಲು ನಿಲ್ದಾಣದ ಬಳಿ ವಾರಸುದಾರರಿಲ್ಲದ ಎರಡು ಪೆಟ್ಟಿಗೆ ಸಿಕ್ಕವು. ಬೆಂಗಳೂರಿನಿಂದ ಬಾಂಬ್ ನಿಷ್ಕ್ರಿಯ ದಳ ಬಂತು, ರಾತ್ರಿಯೆಲ್ಲ ಜಾಗ ಸುತ್ತುವರಿದು ಪೆಟ್ಟಿಗೆ ತೆರೆದರು. ಸಿಕ್ಕಿದ್ದು ಉಪ್ಪು ಮತ್ತು ಕಸ. ಮರುದಿನ ನಮ್ಮ ಗುಂಪುಗಳಲ್ಲಿ ಉಪ್ಪಿನ ಸುರಿಮಳೆ. "ಉಪ್ಪು ತಿಂದವನು ನೀರು ಕುಡಿಯಲೇಬೇಕು" ಎಂಬ ಗಾದೆ ಎಷ್ಟು ರೂಪದಲ್ಲಿ ಬಂತೋ ಲೆಕ್ಕವಿಲ್ಲ. ಇಲ್ಲಿ ನನಗೆ ಗೆಳೆಯರ ಜೊತೆ ತಕರಾರಿದೆ. ಆ ರಾತ್ರಿ ಪೆಟ್ಟಿಗೆ ನೋಡಿ ದೂರು ಕೊಟ್ಟವರು, ಜನರನ್ನು ದೂರ ಕಳಿಸಿದ ಪೊಲೀಸರು, ಬಯಲುಸೀಮೆ ದಾಟಿ ಬಂದ ದಳ, ಎಲ್ಲರೂ ಮಾಡಬೇಕಾದ್ದನ್ನೇ ಮಾಡಿದ್ದರು. ಅವರ ಕೆಲಸದಲ್ಲಿ ಉಪ್ಪು ಸಿಗುವುದೇ ಗೆಲುವು. ನಾವು ಅದನ್ನು ಪೆಚ್ಚು ಎಂದು ನಕ್ಕೆವು. ಮುಂದಿನ ಸಲ ಬಸ್ ಸ್ಟ್ಯಾಂಡಿನಲ್ಲಿ ಒಂದು ಅನಾಥ ಬ್ಯಾಗು ಕಂಡವನು "ಹೇಳಿದರೆ ನನ್ನನ್ನೂ ಉಪ್ಪಿನ ಹಾಗೆ ಆಡಿಕೊಳ್ಳುತ್ತಾರೆ" ಎಂದು ಸುಮ್ಮನೆ ಬಸ್ ಹತ್ತಿದರೆ? ಜೋಕಿನ ನಿಜವಾದ ಖರ್ಚು ಆಗ ಗೊತ್ತಾಗುತ್ತದೆ.

ರಾಜಕೀಯಕ್ಕೆ ಬರೋಣ. ರಾಜಕೀಯದವರಿಗೆ ಜೋಕು ಇಷ್ಟವಾಗಲು ಕಾರಣ, ಅದಕ್ಕೆ ಎರಡು ಬಾಗಿಲು. ಜನ ನಂಬಿದರೆ ಸುದ್ದಿ, ಸಿಕ್ಕಿಬಿದ್ದರೆ ತಮಾಷೆ. ಭಾಷಣದಲ್ಲಿ ಹೇಳಿದರೆ ಕೇಸಾಗುವ ಮಾತನ್ನು ಮೀಮ್ ಮಾಡಿ ಬಿಟ್ಟರೆ ಹೊಣೆ ಯಾರದ್ದೂ ಅಲ್ಲ. ಶಿವಮೊಗ್ಗದಂಥ ಊರಿನಲ್ಲಿ ಇದು ಹುಡುಗಾಟದ ವಿಷಯವಲ್ಲ. 2022ರ ಫೆಬ್ರವರಿಯಲ್ಲಿ ಒಂದು ಕೊಲೆ, ಆಗಸ್ಟ್‌ನಲ್ಲಿ ಫ್ಲೆಕ್ಸ್ ಗಲಾಟೆ ಮತ್ತು ಇರಿತ, 2023ರ ಅಕ್ಟೋಬರ್‌ನಲ್ಲಿ ರಾಗಿಗುಡ್ಡದ ಕಲ್ಲುತೂರಾಟ. ಪ್ರತಿ ಸಲವೂ ನಿಷೇಧಾಜ್ಞೆ, ಪ್ರತಿ ಸಲವೂ ಅಂಗಡಿ ಬಾಗಿಲು ಅರ್ಧ ಎಳೆದು ಕೂತ ಗಾಂಧಿ ಬಜಾರ್, ಪ್ರತಿ ಸಲವೂ ಎರಡೂ ಕಡೆಯ ಹುಡುಗರ ಫೋನಿನಲ್ಲಿ ಎದುರಾಳಿಯನ್ನು ಹೀಯಾಳಿಸುವ ನಗು.

ಇನ್ನು ತೀರ್ಥಹಳ್ಳಿ. 2022ರ ನವೆಂಬರ್ 19ರ ಮಂಗಳೂರು ಆಟೋ ಕುಕ್ಕರ್ ಸ್ಫೋಟ, 2024ರ ಮಾರ್ಚ್ 1ರ ಬೆಂಗಳೂರು ಕೆಫೆ ಸ್ಫೋಟ, ಎರಡರಲ್ಲೂ ಬಂಧಿತರಲ್ಲಿ ತೀರ್ಥಹಳ್ಳಿ ಮೂಲದವರಿದ್ದರು. 2021ರ ನಮ್ಮ ಬೀದಿಯ ಕುಕ್ಕರ್ ಜೋಕು ಎರಡು ವರ್ಷ ತುಂಬುವ ಮೊದಲೇ ಬಾಯಿ ಬಿಟ್ಟು ಹೇಳಲಾಗದ್ದಾಯಿತು. ಕುಪ್ಪಳಿಯ ತಾಲ್ಲೂಕು ಎಂದು ಎದೆಯುಬ್ಬಿಸಿ ಹೇಳುತ್ತಿದ್ದ ಊರಿನ ಹೆಸರು ಮೀಮಿನ ಸರಕಾಯಿತು. ಬೆಂಗಳೂರಿನ ಪಿಜಿಯಲ್ಲಿರುವ ಗೆಳೆಯನ ಮಗಳಿಗೆ ಮೊದಲ ದಿನವೇ ಪ್ರಶ್ನೆ: "ತೀರ್ಥಹಳ್ಳಿನಾ? ಬ್ಯಾಗಲ್ಲಿ ಕುಕ್ಕರ್ ಇಲ್ಲ ತಾನೆ?" ಈಗ ಅವಳು ಯಾರು ಕೇಳಿದರೂ "ಶಿವಮೊಗ್ಗ ಕಡೆ" ಅನ್ನುತ್ತಾಳಂತೆ.

ಒಂದು ಪಕ್ಷದವರು ಕುಕ್ಕರನ್ನು ಹಿಡಿದು ಎದುರು ಪಕ್ಷದ ಓಲೈಕೆಯನ್ನು ಲೇವಡಿ ಮಾಡಿದರು, ಇನ್ನೊಂದು ಪಕ್ಷದವರು ಚುನಾವಣೆ ಹತ್ತಿರ ಬಂದರೆ ಸಾಕು ಕುಕ್ಕರ್ ಕೂಗುತ್ತದೆ ಎಂದು ಕುಹಕವಾಡಿದರು. ಈ ಜಗಳದಲ್ಲಿ ಮುಚ್ಚಿಹೋದದ್ದು ಒಂದು ಸಣ್ಣ, ಉಪಯೋಗದ ಸಂಗತಿ. ಮಂಗಳೂರು ಪ್ರಕರಣದ ಆರೋಪಿಯ ಬಳಿ ಇದ್ದದ್ದು ಬೇರೊಬ್ಬರು ಕಳೆದುಕೊಂಡ ಆಧಾರ್ ಕಾರ್ಡ್. ಕಾರ್ಡಿನ ಅಸಲಿ ಮಾಲೀಕ ರೈಲ್ವೆ ನೌಕರ, ಅವರಿಗೆ ಇದರ ಗಂಧಗಾಳಿ ಇಲ್ಲ. ಅಂದರೆ ನಮ್ಮ ನಿಮ್ಮಂಥವರು ಕಲಿಯಬೇಕಿದ್ದದ್ದು: ಕಾರ್ಡ್ ಕಳೆದರೆ ದೂರು ಕೊಟ್ಟು ಪ್ರತಿ ಇಟ್ಟುಕೊಳ್ಳಿ, ಲಾಡ್ಜಿನಂಥ ಕಡೆ ಜೆರಾಕ್ಸ್ ಹಂಚುವ ಬದಲು ಮೊದಲ ಎಂಟು ಅಂಕಿ ಮುಚ್ಚಿದ ಆಧಾರ್ ಕೊಡಿ, ಬಯೋಮೆಟ್ರಿಕ್ ಲಾಕ್ ಮಾಡಿ. ಕುಕ್ಕರಿನ ಮೇಲೆ ಬಂದ ಅಷ್ಟೂ ಮೀಮ್‌ಗಳಲ್ಲಿ ಈ ಕಾರ್ಡಿನ ಮೇಲೆ ಒಂದನ್ನೂ ನಾನು ನೋಡಲಿಲ್ಲ.

ಹಾಗಾದರೆ ಕಾನೂನು ತಂದು ಸರಿಮಾಡಬಹುದೆ? ಅಧಿಕಾರದಲ್ಲಿರುವವರಿಗೆಲ್ಲ ಈ ಆಸೆ ಇದೆ, ಪಕ್ಷಭೇದವಿಲ್ಲ. ಕಿರಿಕಿರಿಯಾಗುವ ಸಂದೇಶಕ್ಕೂ ಜೈಲು ತೋರಿಸುತ್ತಿದ್ದ ಐಟಿ ಕಾಯ್ದೆಯ 66ಎ ಸೆಕ್ಷನ್ನನ್ನು ಸುಪ್ರೀಂ ಕೋರ್ಟ್ 2015ರಲ್ಲಿ ರದ್ದು ಮಾಡಿತು. ಕೇಂದ್ರ ಸರ್ಕಾರ ತನ್ನ ಬಗೆಗಿನ ಸುದ್ದಿ ಸುಳ್ಳೋ ನಿಜವೋ ಎಂದು ತಾನೇ ನಿರ್ಧರಿಸುವ ಘಟಕಕ್ಕೆ 2023ರಲ್ಲಿ ನಿಯಮ ಮಾಡಿತು. ಅದರ ವಿರುದ್ಧ ಬಾಂಬೆ ಹೈಕೋರ್ಟಿಗೆ ಹೋದವರಲ್ಲಿ ಮೊದಲಿಗರು ಹಾಸ್ಯಗಾರ ಕುನಾಲ್ ಕಾಮ್ರಾ, 2024ರ ಸೆಪ್ಟೆಂಬರ್‌ನಲ್ಲಿ ಆ ನಿಯಮ ಬಿದ್ದುಹೋಯಿತು. ನಮ್ಮ ರಾಜ್ಯದಲ್ಲಿ 2025ರಲ್ಲಿ ಹೊರಬಂದ ಸುಳ್ಳು ಸುದ್ದಿ ತಡೆ ಮಸೂದೆಯ ಕರಡಿನಲ್ಲಿ 7 ವರ್ಷದವರೆಗೆ ಜೈಲು, 10 ಲಕ್ಷದವರೆಗೆ ದಂಡ ಇತ್ತು. ವಿಡಂಬನೆ, ಹಾಸ್ಯಕ್ಕೆ ವಿನಾಯಿತಿಯೂ ಇತ್ತು, ಆದರೆ ಒಂದು ಷರತ್ತು: ಸಾಮಾನ್ಯ ತಿಳಿವಳಿಕೆಯ ಮನುಷ್ಯ ಅದನ್ನು ನಿಜವೆಂದು ನಂಬುವಂತಿರಬಾರದು. ನಮ್ಮ ಚಿಕ್ಕಮ್ಮ ಸಾಮಾನ್ಯಕ್ಕಿಂತ ಹೆಚ್ಚೇ ತಿಳಿವಳಿಕೆಯವರು, ಅವರೇ ನಂಬಿದರು. ಆ ಲೆಕ್ಕದಲ್ಲಿ ಒಳಗೆ ಹೋಗಬೇಕಾದವನು ಬರೆದ ನಾನೋ, ಕೊನೆಯ ಸಾಲು ಅಳಿಸಿದ ಪುಣ್ಯಾತ್ಮನೋ? ಯಾವ ಇನ್‌ಸ್ಪೆಕ್ಟರ್ ಇದನ್ನು ಬಿಡಿಸಿಯಾನು?

ಮೊದಲು ದೊಡ್ಡವರು ವೇಷ ಸರಿಮಾಡಿಕೊಳ್ಳಲಿ ಎಂಬುದು ನನ್ನ ಹಟ. ಆ ಮೇ ತಿಂಗಳ ರಾತ್ರಿಗಳಲ್ಲಿ ಟಿವಿ ವಾಹಿನಿಗಳು ಸ್ಟುಡಿಯೋದಲ್ಲೇ ಸೈರನ್ ಕೂಗಿಸಿದವು. ಆರ್ಮಾ 3 ಎಂಬ ವಿಡಿಯೊ ಗೇಮಿನ ತುಣುಕುಗಳು ಯುದ್ಧದ ದೃಶ್ಯವೆಂದು ಸುತ್ತಿದವು. ಕರಾಚಿ ಬಂದರು ಧ್ವಂಸವಾಯಿತೆಂದು ಕೆಲವರು ರಾತ್ರೋರಾತ್ರಿ ಘೋಷಿಸಿದರು, ಬೆಳಗಾದಾಗ ಬಂದರು ಇದ್ದಲ್ಲೇ ಇತ್ತು. ಎಟಿಎಂ ಎರಡು ಮೂರು ದಿನ ಬಂದ್ ಎಂಬ ಸಂದೇಶ ಸುಳ್ಳೆಂದು ಕೇಂದ್ರ ಸರ್ಕಾರದ ವಾರ್ತಾ ಸಂಸ್ಥೆ ಪಿಐಬಿ ಹೇಳಬೇಕಾಯಿತು. ಕೊನೆಗೆ ಮೇ 10ರಂದು, ಜನರಿಗೆ ತಿಳಿವಳಿಕೆ ಕೊಡುವ ಉದ್ದೇಶಕ್ಕಲ್ಲದೆ ಸೈರನ್ ಸದ್ದು ಬಳಸಬೇಡಿ ಎಂದು ನಾಗರಿಕ ರಕ್ಷಣಾ ಮಹಾನಿರ್ದೇಶನಾಲಯ ಮಾಧ್ಯಮಗಳಿಗೆ ಸೂಚಿಸಿತು. ದಿನಕ್ಕೆ ನೂರು ಸಲ ಕೇಳಿದರೆ ನಿಜವಾದ ಸೈರನ್ ಕೂಗಿದಾಗ ಜನ ಟಿವಿ ವಾಲ್ಯೂಮ್ ಕಡಿಮೆ ಮಾಡು ಅನ್ನುತ್ತಾರೆ ಎಂಬ ಸರಳ ಕಾರಣಕ್ಕೆ.

ನಗು ಎಚ್ಚರಿಕೆಗೆ ನೆರವಾದ ಉದಾಹರಣೆಯೂ ಇದೆ, ಅದರ ಬಾಲದಲ್ಲಿ ಮುಳ್ಳೂ ಇದೆ. ಡಿಜಿಟಲ್ ಅರೆಸ್ಟ್ ಎಂಬುದು ಕಾನೂನಿನಲ್ಲೇ ಇಲ್ಲ ಎಂದು ಫೋನಿನ ಕಾಲರ್ ಟ್ಯೂನ್ ತಿಂಗಳುಗಟ್ಟಲೆ ಎಚ್ಚರಿಸಿದ್ದಕ್ಕಿಂತ, ನಕಲಿ ಪೊಲೀಸನನ್ನು ಜನ ವಿಡಿಯೊ ಕಾಲ್‌ನಲ್ಲಿ ಆಟವಾಡಿಸುವ ರೀಲ್ಸ್ ಹೆಚ್ಚು ಕಲಿಸಿತು ಎಂದು ನನ್ನ ಅಂದಾಜು. ಅಲ್ಲಿ ವೇಷ ಕಳಚುವುದಿಲ್ಲ, ಯಾರು ಕಳ್ಳ ಯಾರು ಜಾಣ ಎಂದು ಕಣ್ಣಿಗೆ ಕಾಣುತ್ತದೆ. ಆದರೆ ನಮ್ಮ ಬೀದಿಯ ನಿವೃತ್ತ ಮೇಷ್ಟ್ರೊಬ್ಬರು ಅಂಥ ರೀಲ್ಸ್ ನೋಡಿ ಬಿದ್ದು ಬಿದ್ದು ನಕ್ಕವರು, ನನಗೂ ಕಳಿಸಿದವರು. ಮುಂದೆ ಅವರೇ ಬಲೆಗೆ ಬಿದ್ದರು. ಹನ್ನೊಂದು ದಿನ ಮಕ್ಕಳಿಗೂ ಹೇಳಲಿಲ್ಲ. "ಇಂಥ ಪೆದ್ದರು ಇರ್ತಾರಾ ಅಂತ ನಾನೇ ನಿಮ್ಮೆಲ್ಲರಿಗೂ ಕಳಿಸಿದ್ದೆ ಕಣ್ರೀ" ಅಂದರು, ತಲೆ ಎತ್ತದೆ. ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ತಕ್ಷಣ ಹೇಳಿದರೆ ದೂರು ನೇರ ಬ್ಯಾಂಕುಗಳಿಗೆ ಹೋಗಿ, ಹಣ ಖಾತೆಯಿಂದ ಖಾತೆಗೆ ಜಿಗಿಯುವ ಮೊದಲೇ ತಡೆಯುವ ಸಾಧ್ಯತೆ ಇರುತ್ತದೆ. ಹನ್ನೊಂದು ದಿನದಲ್ಲಿ ಹಣ ಎಲ್ಲೆಲ್ಲಿ ಜಿಗಿದಿತ್ತೋ. ಮೇಷ್ಟ್ರನ್ನು ತಡೆದದ್ದು ಅಜ್ಞಾನವಲ್ಲ, ನಾಚಿಕೆ. ಮೋಸ ಹೋದವನನ್ನೇ ಗೇಲಿ ಮಾಡುವ ನಗು ಕಳ್ಳನಿಗೆ ಹನ್ನೊಂದು ದಿನದ ಸಾಲ ಕೊಟ್ಟ ಹಾಗೆ.

ವಿಚಿತ್ರವೆಂದರೆ ತಯಾರಿ ಎಂಬುದು ಮಲೆನಾಡಿಗೆ ಯಾರೂ ಹೇಳಿಕೊಡಬೇಕಾದ ವಿದ್ಯೆಯಲ್ಲ. ಟಾರ್ಚ್, ಮೇಣದಬತ್ತಿ, ಔಷಧಿ, ಸ್ವಲ್ಪ ನಗದು ಮನೆಯಲ್ಲಿಟ್ಟುಕೊಳ್ಳಿ ಎಂಬ ಸಲಹೆಯನ್ನು ಆ ಮೇನಲ್ಲಿ ದೇಶ ಗಾಬರಿಯಿಂದ ಓದುತ್ತಿದ್ದಾಗ, ಚಿಕ್ಕಮ್ಮನ ಮನೆಯಲ್ಲಿ ಅದೇ ತಿಂಗಳ ಮಾಮೂಲಿ ಕೆಲಸ ನಡೆದಿತ್ತು. ಕಟ್ಟಿಗೆ ಒಟ್ಟಿ ಆಗಿತ್ತು, ಒಣ ಎಲೆಯ ದರಗು ತುಂಬಿ ಆಗಿತ್ತು, ಹಪ್ಪಳ ಒಣಗಿ ಡಬ್ಬ ಸೇರಿತ್ತು, ಮಾವಿನಮಿಡಿ ಉಪ್ಪಿಗೆ ಬಿದ್ದಿತ್ತು. ಜುಲೈಯಲ್ಲಿ ಮರ ಬಿದ್ದು ನಾಲ್ಕು ದಿನ ಕರೆಂಟ್ ಹೋದರೆ ಆ ಮನೆ ನಾಲ್ಕು ದಿನವೂ ಬಿಸಿ ಊಟ ಮಾಡುತ್ತದೆ. ಮಳೆಯ ಬಗ್ಗೆಯೂ ನಮ್ಮಲ್ಲಿ ಜೋಕುಗಳಿಗೆ ಬರವಿಲ್ಲ, ಆದರೆ ಅದು ಕೈಗೆ ಅಡ್ಡ ಬರುವುದಿಲ್ಲ. ಜೋಕು ಹೇಳುತ್ತಲೇ ಕಟ್ಟಿಗೆ ಒಟ್ಟುತ್ತಾರೆ.

ಸುದ್ದಿ ಮುಟ್ಟಿಸುವ ವಿದ್ಯೆಯೂ ಇಲ್ಲಿ ಹಳೆಯದು. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಯತೊಡಗಿದ ಮೇಲೆ ಗುರುತಾದ ಮಂಗನ ಕಾಯಿಲೆಯಿಂದ ನಮ್ಮವರು ಒಂದು ಶಿಸ್ತು ಕಲಿತಿದ್ದಾರೆ. ಕಾಡಂಚಿನಲ್ಲಿ ಮಂಗ ಸತ್ತದ್ದು ಕಂಡರೆ ಮುಟ್ಟಬೇಡ, ಎಲ್ಲಿ ಯಾವಾಗ ಕಂಡೆ ಎಂದು ಆರೋಗ್ಯ ಕೇಂದ್ರಕ್ಕೆ ಹೇಳು. "ಮಂಗ ಸಾಯ್ತಿದೆಯಂತೆ" ಎಂಬ ಅಂತೆಕಂತೆಯಿಂದ ಯಾರಿಗೂ ಉಪಯೋಗವಿಲ್ಲ, "ಇಂಥ ಹಳ್ಳದ ದಾರಿಯಲ್ಲಿ, ಇವತ್ತು ಬೆಳಗ್ಗೆ, ನಾನೇ ನೋಡಿದೆ" ಎಂಬುದರಿಂದ ಕಾಯಿಲೆ ಹರಡುವ ಉಣುಗಿನ ಮೇಲೆ ಔಷಧಿ ಬೀಳುತ್ತದೆ. ಅನಾಥ ಬ್ಯಾಗಿಗೂ ಅದುರಿದ ನೆಲಕ್ಕೂ ಇದೇ ಮಾದರಿ ಸಾಕು.

ಸರ್ಕಾರದ ಬಳಿಯೂ ಈಗ ಒಂದು ಒಳ್ಳೆಯ ಸಾಧನವಿದೆ. 2023ರಲ್ಲಿ ಪರೀಕ್ಷೆಗೆಂದು ಎಲ್ಲರ ಫೋನು ಒಟ್ಟಿಗೆ ಕಿರುಚಿತಲ್ಲ, ಅದು. ಟವರಿನಿಂದ ಆ ವ್ಯಾಪ್ತಿಯ ಫೋನುಗಳಿಗೆಲ್ಲ ಒಂದೇ ಏಟಿಗೆ ಹೋಗುತ್ತದೆ, ಇಂಟರ್ನೆಟ್ ಬೇಡ, ನಂಬರ್ ಬೇಡ. ವಾಟ್ಸಾಪ್ ಸಂದೇಶದಂತೆ ಒತ್ತಿ ಹಿಡಿದು ಮುಂದಕ್ಕೆ ತಳ್ಳಲು ಬರುವುದಿಲ್ಲ. ಕೊನೆಯ ಸಾಲು ಅಳಿಸುವವರಿಗೆ ಅಲ್ಲಿ ಕೆಲಸವಿಲ್ಲ. ಆದರೆ ಟವರ್ ಬೇಕು. "ನೆಟ್‌ವರ್ಕ್ ಇಲ್ಲದಿದ್ದರೆ ಓಟೂ ಇಲ್ಲ" ಎಂದು ಬ್ಯಾನರ್ ಕಟ್ಟಿದ ಶರಾವತಿ ಹಿನ್ನೀರಿನ ಹಳ್ಳಿಗಳದ್ದು ಬರೀ ಆನ್‌ಲೈನ್ ಪಾಠದ ಗೋಳಲ್ಲ, ಇದೂ ಸೇರಿತ್ತು. ಅಲ್ಲಿಯವರೆಗೆ ಬ್ಯಾಟರಿ ರೇಡಿಯೊ ಒಂದಿದ್ದರೆ ಭದ್ರಾವತಿ ಆಕಾಶವಾಣಿಯಾದರೂ ಕೇಳುತ್ತದೆ.

ಮೊನ್ನೆ ಚಿಕ್ಕಮ್ಮನ ಮನೆಗೆ ಹೋಗಿದ್ದೆ. ಫೋನು ಸತ್ತರೆ ಯಾರ ನಂಬರೂ ನೆನಪಿರುವುದಿಲ್ಲ, ಕಾಗದದಲ್ಲಿ ಬರೆದಿಡಿ ಎಂದು ನಾನೇ ಹೇಳಿದ್ದೆ. ಅಡುಗೆಮನೆಯ ಕ್ಯಾಲೆಂಡರಿನ ಹಿಂಬದಿಯಲ್ಲಿ ನೀಲಿ ಬಾಲ್‌ಪೆನ್ನಿನಲ್ಲಿ ಬರೆದಿಟ್ಟಿದ್ದಾರೆ. ಮೊದಲು ಲೈನ್‌ಮನ್, ಆಮೇಲೆ ಜೀಪಿನ ಹುಡುಗ, ಆಮೇಲೆ ಆಶಾ ಕಾರ್ಯಕರ್ತೆ, ಆಮೇಲೆ ಅಳಿಯ. ಎಲ್ಲಕ್ಕಿಂತ ಕೊನೆಗೆ 112.

"112 ಮೊದ್ಲು ಬರೀಬೇಕಿತ್ತಲ್ಲ ಚಿಕ್ಕಮ್ಮ?"

"ಅವ್ರು ಬರಕ್ಕೆ ಇಷ್ಟುದ್ದ ಕಾಡು ದಾಟ್ಬೇಕು. ಜೀಪಿನವ ಬೇಲಿ ದಾಟಿದ್ರೆ ಆಯ್ತು."

ಪಟ್ಟಿಯಲ್ಲಿ ನನ್ನ ನಂಬರ್ ಹುಡುಕಿದೆ. ಇರಲಿಲ್ಲ. ಕೇಳಿದ್ದಕ್ಕೆ, "ನೀನು ಹೇಳಿದ್ದು ನಿಜವೋ ತಮಾಷೆಯೋ ಅಂತ ಕೇಳಕ್ಕೆ ಮತ್ತೊಬ್ರಿಗೆ ಫೋನ್ ಮಾಡ್ಬೇಕಲ್ಲ" ಅಂದು ಕಾಫಿ ಲೋಟ ಮುಂದಿಟ್ಟರು.